ಒರಗುವ ಕುರ್ಚಿಯ ಜೀರ್ಣೋದ್ಧಾರ

ಚಾರ್ಲಿ ಚಾಪ್ಲಿನ್ 1940ರಲ್ಲಿ ತೆಗೆದ 'ದಿ ಗ್ರೇಟ್ ಡಿಕ್ಟೇಟರ್' ಚಿತ್ರದಲ್ಲಿ ಇಬ್ಬರು ಸರ್ವಾಧಿಕಾರಿಗಳು ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು ಕ್ಷೌರ ಮಾಡಿಸಿಕೊಳ್ಳುವ ದೃಶ್ಯವೊಂದಿದೆ. ಒಬ್ಬ ಹಿಟ್ಲರನ ಪಡಿಯಚ್ಚು, ಇನ್ನೊಬ್ಬ ಮುಸೊಲಿನಿಯದು. ಒಬ್ಬ ಮೆಲ್ಲಗೆ ತನ್ನ ಕುರ್ಚಿಯನ್ನು ಒಂದು ಗೇಣು ಮೇಲೇರಿಸುತ್ತಾನೆ. ಇನ್ನೊಬ್ಬ ಸುಮ್ಮನಿರುವನೇ? ಅವನು ಎರಡು ಗೇಣು ಏರಿಸುತ್ತಾನೆ. ಹೀಗೆ ಜಿದ್ದಿಗೆ ಬಿದ್ದು ಇಬ್ಬರೂ ಚಾವಣಿಯ ಹತ್ತಿರ ಹೋಗಿ ಕೂರುತ್ತಾರೆ.

ನಗುವ ಭರದಲ್ಲಿ ನಾವು ಆ ಕುರ್ಚಿಯ ಕಡೆ ನೋಡುವುದಿಲ್ಲ. ಒಬ್ಬ ಮನುಷ್ಯನ ಭಾರವನ್ನು ಹೊತ್ತು ಸದ್ದಿಲ್ಲದೆ ಏರುವ, ಇಳಿಯುವ, ಸುತ್ತ ತಿರುಗುವ, ಬೇಕೆಂದಾಗ ಹಿಂದಕ್ಕೆ ಮಲಗಿ ಕಾಲನ್ನೂ ಎತ್ತಿ ಹಿಡಿಯುವ ಈ ಯಂತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದೇ ದೇಶದಲ್ಲಿ ಇಂದು ಹಳೆಯ ಕ್ಷೌರದ ಕುರ್ಚಿಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಹವ್ಯಾಸಿಗಳ ಒಂದು ಬಳಗವೇ ಇದೆ. ಹಳೆಯ ಗಡಿಯಾರ, ಹಳೆಯ ಮೋಟಾರು ಸಂಗ್ರಹಿಸುವವರಂತೆ ಇವರೂ ಒಂದು ಜಾತಿಯ ಹುಚ್ಚರೇ ಎಂದು ನಕ್ಕು ಸುಮ್ಮನಾಗಬಹುದು. ಆದರೆ ಇವರ ಕೆಲಸದಲ್ಲಿ ಅಡಗಿರುವ ಪ್ರಶ್ನೆ ಸಣ್ಣದಲ್ಲ. ಹಳೆಯ ವಸ್ತುವನ್ನು ಎಷ್ಟರಮಟ್ಟಿಗೆ ಹೊಸದು ಮಾಡಬೇಕು? ದೇವಸ್ಥಾನದ ಜೀರ್ಣೋದ್ಧಾರದ ಹೆಸರಿನಲ್ಲಿ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದದ್ದನ್ನು ಕಂಡಿರುವ ನಮಗೆ ಈ ಪ್ರಶ್ನೆ ಹೊಸದೇನಲ್ಲ.

ಗಡ್ಡಕ್ಕಾಗಿ ಒರಗಿದ್ದು

ತಲೆಗೂದಲು ಕತ್ತರಿಸಲು ಒರಗುವ ಕುರ್ಚಿ ಬೇಕಿಲ್ಲ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆಯ ಮೇಲೆ, ಹಿತ್ತಿಲಿನಲ್ಲಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಕುಳಿತೇ ತಲೆತಲಾಂತರದಿಂದ ಕ್ಷೌರ ನಡೆದಿದೆ. ಕುರ್ಚಿ ಹಿಂದಕ್ಕೆ ಬಾಗಬೇಕಾದದ್ದು ಗಡ್ಡದ ಸಲುವಾಗಿ. ಗಲ್ಲದ ಕೆಳಗೆ, ಗಂಟಲ ಗುಳಿಯಲ್ಲಿ ಬರಿಗತ್ತಿ ಆಡಿಸುವಾಗ ತಲೆ ಹಿಂದಕ್ಕೆ ಬಾಗಿರಬೇಕು, ಕುತ್ತಿಗೆಗೆ ಆಸರೆ ಇರಬೇಕು, ಗಿರಾಕಿ ಅಲುಗಬಾರದು. ದಿನಕ್ಕೆ ಹತ್ತಾರು ಗಡ್ಡ ಬೋಳಿಸುವ ಕ್ಷೌರಿಕನ ಬೆನ್ನೂ ಉಳಿಯಬೇಕು. ಗಿರಾಕಿ ಕುಳ್ಳನಿರಲಿ ಎತ್ತರದವನಿರಲಿ, ಅವನ ಮುಖ ತನ್ನ ಮೊಣಕೈಯ ಎತ್ತರಕ್ಕೆ ಬಂದರೆ ಕ್ಷೌರಿಕ ಬಗ್ಗಬೇಕಾಗುವುದಿಲ್ಲ. ಕುರ್ಚಿಯ ಒಂದೊಂದು ಅಂಗವೂ ಈ ಎರಡು ಅಗತ್ಯಗಳಿಂದ ಹುಟ್ಟಿದ್ದು.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ಆರ್ಚರ್ ಕಂಪನಿ 1870ರ ದಶಕದಲ್ಲಿ ಒರಗುವ ಕುರ್ಚಿಯನ್ನು ಮಾರುಕಟ್ಟೆಗೆ ತಂದಿತು. ಸಿನ್ಸಿನ್ನಾಟಿಯ ಬರ್ನಿಂಗ್‌ಹೌಸ್, ಶಿಕಾಗೋದ ಕಾಕ್ಸ್ ಹಿಂದೆಯೇ ಬಂದರು. ಆದರೆ ಸಂಗ್ರಾಹಕರ ಬಾಯಲ್ಲಿ ಮೊದಲು ಬರುವ ಹೆಸರು ಅರ್ನೆಸ್ಟ್ ಕೋಕನ್‌ನದು. ಜರ್ಮನಿಯಿಂದ ವಲಸೆ ಬಂದು ಸೇಂಟ್ ಲೂಯಿಸ್ ನಗರದಲ್ಲಿ ನೆಲೆಸಿದ ಈತ, ಕ್ಷೌರದ ಸಾಬೂನಿನ ಬಟ್ಟಲುಗಳನ್ನು ಮಾರುತ್ತ ಈ ವ್ಯಾಪಾರಕ್ಕೆ ಇಳಿದವನು. 1880ರ ದಶಕದಲ್ಲಿ ಒರಗುವ ಕುರ್ಚಿಗೆ ಪೇಟೆಂಟ್ ಪಡೆದ. 1890ರ ದಶಕದಲ್ಲಿ ಎಣ್ಣೆಯ ಒತ್ತಡದಿಂದ ಏರುವ ಕುರ್ಚಿಯನ್ನು ತಂದ. ಪಕ್ಕದಲ್ಲಿ ಒಂದೇ ಒಂದು ಹಿಡಿ. ಅದನ್ನು ಬೇರೆಬೇರೆ ದಿಕ್ಕಿಗೆ ಆಡಿಸಿದರೆ ಕುರ್ಚಿ ಏರುತ್ತದೆ, ಇಳಿಯುತ್ತದೆ, ಒರಗುತ್ತದೆ, ತಿರುಗದಂತೆ ಬಿಗಿಯಾಗುತ್ತದೆ. ಕ್ಷೌರಿಕನ ಇನ್ನೊಂದು ಕೈಯಲ್ಲಿ ಕತ್ತಿ ಇರುತ್ತದೆ ಎಂಬುದನ್ನು ನೆನೆದರೆ ಈ ಒಂದು ಹಿಡಿಯ ಬೆಲೆ ತಿಳಿಯುತ್ತದೆ.

ಮೊದಲ ಕುರ್ಚಿಗಳು ಓಕ್, ವಾಲ್ನಟ್ ಮರದವು. ಕೆತ್ತನೆಯ ಕೈಗಳು, ಮಖಮಲ್ಲಿನ ಮೆತ್ತೆ, ಒಳಗೆ ಕುದುರೆಕೂದಲಿನ ತುಂಬು, ಒಟ್ಟಿನಲ್ಲಿ ಜಮೀನುದಾರನ ಪಡಸಾಲೆಯ ವೈಭವ. ಇಪ್ಪತ್ತನೆಯ ಶತಮಾನ ಕಾಲಿಟ್ಟಂತೆ ಈ ವೈಭವ ಬಣ್ಣಗೆಟ್ಟಿತು. ರೋಗಾಣುಗಳಿಂದ ರೋಗ ಬರುತ್ತದೆ ಎಂಬ ತಿಳಿವಳಿಕೆ ಜನಸಾಮಾನ್ಯರವರೆಗೆ ಇಳಿದಿತ್ತು. ಮಿನೆಸೋಟ ರಾಜ್ಯ 1897ರಲ್ಲಿ ಕ್ಷೌರಿಕರಿಗೆ ಪರವಾನಗಿ ಕಡ್ಡಾಯ ಮಾಡಿತು. ಒಂದೊಂದಾಗಿ ಇತರ ರಾಜ್ಯಗಳೂ ಅದೇ ದಾರಿ ಹಿಡಿದವು. ಧೂಳು, ಕೂದಲು, ಸಾಬೂನಿನ ನೊರೆ ಕುಡಿದ ಮಖಮಲ್ಲು ಈಗ ಹೇಸಿಗೆಯೆನಿಸಿತು. ಮರ ಹೋಗಿ ಬೀಡುಕಬ್ಬಿಣ ಬಂತು. ಅದರ ಮೇಲೆ ಬಿಳಿಯ ಪಿಂಗಾಣಿ ಲೇಪ ಬಂತು. ಒದ್ದೆ ಬಟ್ಟೆಯಿಂದ ಒರೆಸಿದರೆ ಆಸ್ಪತ್ರೆಯ ಪಾತ್ರೆಯಂತೆ ಥಳಥಳಿಸುವ, ನೂರು ಕಿಲೋಗಿಂತ ಹೆಚ್ಚು ತೂಗುವ ಈ ಬಿಳಿಯ ಕುರ್ಚಿಗಳೇ ಇಂದು ಸಂಗ್ರಾಹಕರು ಹೆಚ್ಚಾಗಿ ಹುಡುಕುವಂಥವು.

ಮಕ್ಕಳ ಕುರ್ಚಿಗಳದು ಬೇರೆಯೇ ಕಥೆ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಕುದುರೆಯ ತಲೆ ಜೋಡಿಸಿದ ಕುರ್ಚಿಗಳಿದ್ದವು. ಅಳುವ ಮಗು ಕುದುರೆಯ ಕಿವಿ ಹಿಡಿದುಕೊಂಡು ಕೂರಲಿ ಎಂದು. ಇಂದು ಅವುಗಳ ಬೆಲೆ ಕೇಳಿದರೆ ದೊಡ್ಡವರೇ ಅಳಬೇಕು. ಸಾಮಾನ್ಯ ಅಂಗಡಿಗಳಲ್ಲಿ ಮಾತ್ರ ನಮ್ಮ ಸಲೂನುಗಳಂತೆಯೇ ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ ಇಟ್ಟು ಹುಡುಗನನ್ನು ಕೂರಿಸುತ್ತಿದ್ದರು. ಆ ಹಲಗೆಯಿಂದ ಇಳಿದು ಕುರ್ಚಿಯಲ್ಲೇ ಕೂರುವ ದಿನಕ್ಕಾಗಿ ಕಾದವರು ಎರಡೂ ದೇಶಗಳಲ್ಲಿದ್ದಾರೆ.

ಕೂತವರು, ನಿಂತವರು

ಈ ಕುರ್ಚಿಯ ಚರಿತ್ರೆಯಲ್ಲಿ ಹೊಳಪಿಲ್ಲದ ಪುಟಗಳೂ ಇವೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಹಲವು ನಗರಗಳಲ್ಲಿ, ಅದರಲ್ಲೂ ದಕ್ಷಿಣದಲ್ಲಿ, ಕ್ಷೌರ ಬಹುಮಟ್ಟಿಗೆ ಕಪ್ಪು ಜನರ ಕಸುಬಾಗಿತ್ತು. ಸಿರಿವಂತ ಬಿಳಿಯರು ಕಪ್ಪು ಕ್ಷೌರಿಕನ ಕತ್ತಿಗೆ ನಿಶ್ಚಿಂತೆಯಿಂದ ಕುತ್ತಿಗೆ ಒಡ್ಡುತ್ತಿದ್ದರು. ಆದರೆ ಅದೇ ಕುರ್ಚಿಯಲ್ಲಿ ಇನ್ನೊಬ್ಬ ಕಪ್ಪು ಮನುಷ್ಯ ಕೂತರೆ ಅವರು ಅಂಗಡಿಗೆ ಕಾಲಿಡುತ್ತಿರಲಿಲ್ಲ.

ಅಲಾಂಜೊ ಹರ್ನ್‌ಡನ್ ಎಂಬಾತನ ಬದುಕು ಇದಕ್ಕೆ ಸಾಕ್ಷಿ. 1858ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಗುಲಾಮನಾಗಿ ಹುಟ್ಟಿದ ಈತ ಕ್ಷೌರ ಕಲಿತು ಅಟ್ಲಾಂಟಾ ನಗರಕ್ಕೆ ಬಂದ. ಅಲ್ಲಿಯ ಪೀಚ್‌ಟ್ರೀ ಬೀದಿಯಲ್ಲಿ ಆತ ನಡೆಸಿದ ಅಂಗಡಿಗೆ 'ಸ್ಫಟಿಕದ ಅರಮನೆ' ಎಂದೇ ಹೆಸರು. ದೀಪಗೊಂಚಲು, ಕನ್ನಡಿ, ಸಾಲುಸಾಲು ಬೆಲೆಬಾಳುವ ಕುರ್ಚಿ. ನ್ಯಾಯಾಧೀಶರು, ವಕೀಲರು, ರಾಜಕಾರಣಿಗಳು ಅಲ್ಲಿ ಒರಗಿ ಗಡ್ಡ ಬೋಳಿಸಿಕೊಂಡರು. ಒಡೆಯ ಕಪ್ಪು, ಕೆಲಸಗಾರರು ಕಪ್ಪು, ಗಿರಾಕಿಗಳು ಮಾತ್ರ ಬಿಳಿಯರು. ತನ್ನ ಅಂಗಡಿಯ ಕುರ್ಚಿಯಲ್ಲಿ ತನ್ನ ಜನರನ್ನು ಕೂರಿಸುವ ಸ್ಥಿತಿ ಆ ಒಡೆಯನಿಗಿರಲಿಲ್ಲ. 1906ರ ಸೆಪ್ಟೆಂಬರಿನ ಜನಾಂಗೀಯ ಗಲಭೆಯಲ್ಲಿ ಬಿಳಿಯರ ಗುಂಪು ಅವನ ಅಂಗಡಿಯ ಗಾಜುಗಳನ್ನು ಪುಡಿ ಮಾಡಿತು. ಸಮೀಪದ ಇನ್ನೊಂದು ಅಂಗಡಿಯಲ್ಲಿ ಕೆಲಸದಲ್ಲಿದ್ದ ಕಪ್ಪು ಕ್ಷೌರಿಕರು ಸತ್ತರು. ಕುರ್ಚಿಗಳಿಂದ ಗಳಿಸಿದ ಹಣದಿಂದ ಹರ್ನ್‌ಡನ್ 1905ರಲ್ಲಿ ಆರಂಭಿಸಿದ್ದ ವಿಮಾ ಸಂಸ್ಥೆ ಮುಂದೆ ಅಮೆರಿಕದ ಕಪ್ಪು ಜನರ ದೊಡ್ಡ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಯಿತು.

ಇದನ್ನು ದೂರದ ದೇಶದ ಸಂಗತಿ ಎಂದು ಓದುವ ಹಕ್ಕು ನಮಗಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಈಚಿನ ವರ್ಷಗಳಲ್ಲೂ ಪತ್ರಿಕೆಗಳಲ್ಲಿ ಬಂದಿದೆ.

ಕೆಲಸ ಕಳೆದುಕೊಂಡ ಯಂತ್ರ

ಕುರ್ಚಿ ತನ್ನ ಉಚ್ಛ್ರಾಯಕ್ಕೆ ಬರುತ್ತಿದ್ದಾಗಲೇ ಅದರ ಬುಡ ಅಲುಗಿಸುವ ಸಣ್ಣ ವಸ್ತುವೊಂದು ಹುಟ್ಟಿತ್ತು. ಕಿಂಗ್ ಜಿಲೆಟ್ ಎಂಬಾತ ಬಳಸಿ ಎಸೆಯುವ ಬ್ಲೇಡಿನ ರೇಜರನ್ನು 1903ರಲ್ಲಿ ಮಾರಾಟಕ್ಕೆ ಇಟ್ಟಾಗ ಆ ವರ್ಷ ಮಾರಾಟವಾದದ್ದು 51 ರೇಜರು, 168 ಬ್ಲೇಡು. ಮರುವರ್ಷ 90 ಸಾವಿರಕ್ಕೂ ಹೆಚ್ಚು ರೇಜರು ಖರ್ಚಾದವು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ತನ್ನ ಸೈನಿಕರಿಗಾಗಿ 35 ಲಕ್ಷ ಜಿಲೆಟ್ ರೇಜರುಗಳನ್ನು ಕೊಂಡಿತು. ಯುದ್ಧ ಮುಗಿಸಿ ಊರಿಗೆ ಬಂದ ಸೈನಿಕ ಕನ್ನಡಿಯ ಮುಂದೆ ತಾನೇ ಬೋಳಿಸಿಕೊಳ್ಳುವುದನ್ನು ಕಲಿತಿದ್ದ. ವಾರಕ್ಕೆ ಎರಡು ಮೂರು ಸಲ ಅಂಗಡಿಗೆ ಬರುತ್ತಿದ್ದವನು ಕೂದಲು ಬೆಳೆದಾಗ ಮಾತ್ರ ಬರತೊಡಗಿದ. ಮುಂದೆ 1964ರಲ್ಲಿ ಬೀಟಲ್ಸ್ ತಂಡ ಅಮೆರಿಕಕ್ಕೆ ಬಂದಿಳಿದ ಮೇಲೆ ಕೂದಲು ಬೆಳೆಯುವುದೇ ಫ್ಯಾಷನ್ ಆಯಿತು.

ಆ ಹೊತ್ತಿಗೆ ಮಾರುಕಟ್ಟೆಯಲ್ಲಿ ದೊಡ್ಡಣ್ಣನಾಗಿದ್ದದ್ದು ಶಿಕಾಗೋದ ಪೈಡಾರ್ ಕಂಪನಿ. ಅದಕ್ಕೆ ಎದುರಾಳಿ ಬಂದದ್ದು ಪೂರ್ವದಿಂದ. ಜಪಾನಿನ ಒಸಾಕಾದಲ್ಲಿ 1921ರಲ್ಲಿ ಎರಕದ ಕಾರ್ಖಾನೆಯಾಗಿ ಶುರುವಾದ ತಕಾರಾ ಸಂಸ್ಥೆ 1931ರಲ್ಲಿ ಕ್ಷೌರದ ಕುರ್ಚಿಗೆ ಕೈಹಾಕಿತ್ತು. 1950ರ ದಶಕದಲ್ಲಿ ಅಮೆರಿಕಕ್ಕೆ ಕಾಲಿಟ್ಟು, 'ಬೆಲ್ಮಾಂಟ್' ಎಂಬ ಹೆಸರಿನಲ್ಲಿ ಅಗ್ಗದ ಬೆಲೆಗೆ ಒಳ್ಳೆಯ ಕುರ್ಚಿ ಮಾರಿ, 1970ರ ಸುಮಾರಿಗೆ ಕೋಕನ್ ಕಂಪನಿಯನ್ನೇ ಕೊಂಡುಕೊಂಡಿತು. ಪೈಡಾರ್ ಕೂಡ ಉಳಿಯಲಿಲ್ಲ. ಮುಚ್ಚಿದ ಅಂಗಡಿಗಳ ಕುರ್ಚಿಗಳು ಗುಜರಿಗೆ, ಕೊಟ್ಟಿಗೆಗೆ, ನೆಲಮಾಳಿಗೆಗೆ ಹೋದವು. ಸಂಗ್ರಾಹಕರು ಅವನ್ನು ಹೊರಗೆ ಎಳೆಯುತ್ತಿರುವುದು ಇಂಥ ಕಡೆಗಳಿಂದಲೇ. ಒಹಾಯೊ ರಾಜ್ಯದ ಕನಾಲ್ ವಿಂಚೆಸ್ಟರ್ ಎಂಬ ಊರಿನಲ್ಲಿ ಕ್ಷೌರಿಕ ಎಡ್ ಜೆಫರ್ಸ್ ಕಟ್ಟಿದ ವಸ್ತುಸಂಗ್ರಹಾಲಯ ಈ ಕಸುಬಿನ ಕುರ್ಚಿ, ಕತ್ತಿ, ಕಂಬಗಳಿಗೆ ಮೀಸಲಾದದ್ದು.

ವಯಸ್ಸು ಕಂಡುಹಿಡಿಯುವ ಬಗೆ

ಕೊಟ್ಟಿಗೆಯಲ್ಲಿ ಸಿಕ್ಕ ಕುರ್ಚಿಯ ಜಾತಕ ಬರೆಯಲು ಮೊದಲು ನೋಡಬೇಕಾದದ್ದು ಪಾದಪೀಠ. ಕಾಲಿಡುವ ಕಬ್ಬಿಣದ ಜಾಲರಿಯಲ್ಲಿ ತಯಾರಕನ ಹೆಸರನ್ನೇ ಎರಕ ಹೊಯ್ದಿರುತ್ತಾರೆ. ಪೇಟೆಂಟಿನ ದಿನಾಂಕಗಳನ್ನೂ ಕೆಲವು ಕಡೆ ಕೊರೆದಿರುವುದುಂಟು. ಇಲ್ಲಿ ಎಡವುವವರು ಬಹಳ. 1905ರ ಪೇಟೆಂಟ್ ಎಂದಿದ್ದರೆ ಕುರ್ಚಿ ಅದಕ್ಕಿಂತ ಹಿಂದಿನದಲ್ಲ ಎಂದಷ್ಟೇ ಅರ್ಥ, ಅದೇ ಅಚ್ಚಿನಲ್ಲಿ ಇಪ್ಪತ್ತು ವರ್ಷ ಕುರ್ಚಿ ಮಾಡಿರಬಹುದು. ಇನ್ನೊಂದು ಸ್ವಾರಸ್ಯ: ಅಮೆರಿಕದ ಪೇಟೆಂಟುಗಳು ಹೊರಬರುವುದು ಮಂಗಳವಾರ. ಕೊರೆದ ದಿನಾಂಕವನ್ನು ಪಂಚಾಂಗಕ್ಕೆ ಹೋಲಿಸಿದಾಗ ಅದು ಶುಕ್ರವಾರ ಎಂದು ಬಂದರೆ, ಸವೆದ ಅಂಕಿಯನ್ನು ತಪ್ಪಾಗಿ ಓದಿದ್ದೇವೆ ಎಂದೇ ಲೆಕ್ಕ.

ಸ್ಕ್ರೂಗಳೂ ಮಾತಾಡುತ್ತವೆ. ತಲೆಯಲ್ಲಿ ಕೂಡು ಗುರುತಿನ ಗುಳಿಯಿರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. 1910ರ ಕುರ್ಚಿಯೆಂದು ಹೇಳಿದ್ದರಲ್ಲಿ ಅದು ಕಂಡರೆ ಯಾರೋ ಈಚೆಗೆ ಬಿಚ್ಚಿ ಕಟ್ಟಿದ್ದಾರೆ, ಇಲ್ಲವೇ ಕುರ್ಚಿಯೇ ಹೊಸದು. ಲೋಹದ ಹೊಳಪಿನ ಬಣ್ಣವನ್ನೂ ಗಮನಿಸಬೇಕು. 1920ರ ದಶಕದ ನಡುವಿನವರೆಗೆ ನಿಕಲ್ ಲೇಪದ ಕಾಲ. ಅದರ ಹೊಳಪಿನಲ್ಲಿ ಬೆಚ್ಚಗಿನ ಹಳದಿ ಛಾಯೆ ಇರುತ್ತದೆ. ಆಮೇಲೆ ಬಂದ ಕ್ರೋಮಿಯಂದು ತಣ್ಣನೆಯ ನೀಲಿ ಹೊಳಪು. ನಿಕಲ್ ಕಾಲದ ಕುರ್ಚಿಗೆ ಕ್ರೋಮಿಯಂ ಬಳಿಸುವುದು, ತಿಳಿದವರ ಕಣ್ಣಿಗೆ, ಹಳೆಯ ಕಂಚಿನ ದೀಪಕ್ಕೆ ಸ್ಟೀಲಿನ ಬಣ್ಣ ಹೊಡೆದಂತೆ.

ಎಣ್ಣೆ, ಚರ್ಮ, ಗಾಜು

ಹೃದಯ ಇರುವುದು ಪೀಠದಲ್ಲಿ. ಬೀಡಿನ ಆ ಗುಂಡಾದ ಪೀಠದೊಳಗೆ ಎಣ್ಣೆಯ ತೊಟ್ಟಿ ಇದೆ. ಹಿಡಿಯನ್ನು ಆಡಿಸಿದಾಗ ಸಣ್ಣ ಪಂಪು ಒಂದಿಷ್ಟು ಎಣ್ಣೆಯನ್ನು ನಡುವಿನ ದೊಡ್ಡ ಕೊಳವೆಗೆ ನೂಕುತ್ತದೆ. ಎಣ್ಣೆ ಹಿಂದಕ್ಕೆ ಬರದಂತೆ ಉಕ್ಕಿನ ಒಂದು ಗುಂಡು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ದೊಡ್ಡ ಕೊಳವೆಯ ಬಾಯಿಯ ವಿಸ್ತೀರ್ಣ ಸಣ್ಣದರ ಹತ್ತು ಪಟ್ಟು ಇದ್ದರೆ, ಹಾಕಿದ ಬಲದ ಹತ್ತು ಪಟ್ಟು ಭಾರ ಮೇಲೇಳುತ್ತದೆ. ಆದರೆ ಒಂದು ಎಳೆತಕ್ಕೆ ಏರುವುದು ತುಸುವೇ. ಲಾರಿಯ ಚಕ್ರ ಬದಲಿಸುವಾಗ ಬಳಸುವ ಜ್ಯಾಕಿನ ತತ್ವವೇ ಇದು. ಇಳಿಸಬೇಕೆಂದಾಗ ಬಾಗಿಲು ತೆರೆದರೆ ಸಾಕು, ಕೂತವನ ಭಾರವೇ ಎಣ್ಣೆಯನ್ನು ತೊಟ್ಟಿಗೆ ಹಿಂತಿರುಗಿಸುತ್ತದೆ. ಅದಕ್ಕೇ ಖಾಲಿ ಕುರ್ಚಿ ನಿಧಾನವಾಗಿಯೂ ದಢೂತಿ ಗಿರಾಕಿ ಬೇಗನೆಯೂ ಇಳಿಯುವುದು.

ಹಳೆಯ ಕುರ್ಚಿಗಳ ಸಾಮಾನ್ಯ ಕಾಯಿಲೆಯೆಂದರೆ, ಏರಿಸಿ ಬಿಟ್ಟರೆ ತಾನಾಗಿ ಕುಸಿಯುವುದು. ವೈದ್ಯರು ನಾಡಿ ನೋಡುವಂತೆ ಇಲ್ಲಿ ನೆಲ ನೋಡುತ್ತಾರೆ. ನೆಲದ ಮೇಲೆ ಎಣ್ಣೆ ಸುರಿದಿದ್ದರೆ ಹೊರಗಿನ ಬಿರಡೆ ಸೋರುತ್ತಿದೆ. ನೆಲ ಒಣಗಿದ್ದೂ ಕುರ್ಚಿ ಕುಸಿದರೆ ಒಳಗಿನ ಗುಂಡಿನ ಬಾಗಿಲಲ್ಲಿ ಕಸ ಸಿಕ್ಕಿಕೊಂಡಿದೆ. ಹಲವು ಸಲ ಪೀಠ ಬಿಚ್ಚಿ, ತಾರಿನಂತೆ ಗಟ್ಟಿಯಾದ ಹಳೆಯ ಎಣ್ಣೆಯನ್ನು ತೊಳೆದು, ಹೊಸದಾಗಿ ಜ್ಯಾಕಿನ ತೆಳು ಎಣ್ಣೆ ತುಂಬಿದರೆ ದಶಕಗಳ ಕಾಲ ಅಲುಗದ ಕುರ್ಚಿ ಎದ್ದು ನಿಲ್ಲುತ್ತದೆ. ಹಳೆಯ ಪಂಪಿನಲ್ಲಿ ರಬ್ಬರಿನ ಬದಲು ಚರ್ಮದ ಬಟ್ಟಲುಗಳೇ ಬಿರಡೆ. ಒಣಗಿ ಸುಕ್ಕಾದ ಅವನ್ನು ಹೊಸ ಚರ್ಮದಿಂದ ಅಚ್ಚಿನಲ್ಲಿ ಒತ್ತಿ ಮಾಡಿಕೊಳ್ಳಬೇಕು. ನಮ್ಮ ಕೈಪಂಪಿನ ಚರ್ಮದ ವಾಷರು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಬಿಚ್ಚುವ ಕೆಲಸಕ್ಕೆ ಅವಸರ ಕೂಡದು. ಒರಗುವ ಭಾಗದ ಸ್ಪ್ರಿಂಗುಗಳು ಬಿಗಿದು ಕೂತಿರುತ್ತವೆ, ಸಿಡಿದರೆ ಬೆರಳು ಹೋಯಿತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಿಯೇ ಉಜ್ಜಿ ಧೂಳೆಬ್ಬಿಸುವುದು ಅಪಾಯ.

ಕಠಿಣ ಸಮಸ್ಯೆ ಪಿಂಗಾಣಿ ಲೇಪದ್ದು. ಅದು ಬಣ್ಣವಲ್ಲ, ಗಾಜು. ಗಾಜಿನ ಪುಡಿಯನ್ನು ಕಬ್ಬಿಣದ ಮೇಲೆ ಹರಡಿ ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಕೂಡಿಸಿದ್ದು. ಒಂದು ಸುತ್ತಿಗೆ ಜಾರಿ ಬಿದ್ದರೆ ಚಕ್ಕೆ ಎದ್ದು ಕಪ್ಪು ಕಬ್ಬಿಣ ಕಾಣುತ್ತದೆ. ಮತ್ತೆ ಕುಲುಮೆಗೆ ಹಾಕೋಣವೆಂದರೆ ಹಳೆಯ ಎರಕ ಸೊಟ್ಟಗಾಗಬಹುದು, ಸೀಳಬಹುದು. ಅಂಥ ದೊಡ್ಡ ಕುಲುಮೆ ಇರುವ ಕಾರ್ಖಾನೆಗಳೂ ಕಡಿಮೆ. ಆದ್ದರಿಂದ ಬಹಳಷ್ಟು ಮಂದಿ ಗಾಯಕ್ಕೆ ರಾಳ ತುಂಬಿ ಮೇಲೆ ಬಿಳಿ ಬಣ್ಣ ಹೊಡೆಯುತ್ತಾರೆ. ಇನ್ನು ಕೆಲವರು ಇಡೀ ಗಾಜನ್ನೇ ಮರಳಿನಿಂದ ಉಜ್ಜಿ ತೆಗೆದು, ಕಾರಿನಂತೆ ಕೆಂಪೋ ಕಪ್ಪೋ ಬಣ್ಣ ಮಾಡಿಸಿ, ಥಳಕಿನ ಪ್ಲಾಸ್ಟಿಕ್ ಚರ್ಮ ಹೊದಿಸಿ ಕುಡಿಯುವ ಕೋಣೆಯಲ್ಲಿ ನಿಲ್ಲಿಸುತ್ತಾರೆ. ಹೀಗೆ ಮಾಡಿದ್ದು ಕಣ್ಣಿಗೆ ಸೊಗಸಾಗಿರಬಹುದು, ಆದರೆ ಅದನ್ನು ಜೀರ್ಣೋದ್ಧಾರವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ನೂರು ವರ್ಷದ ಗಾಜು ಒಮ್ಮೆ ಹೋದರೆ ಹೋದದ್ದೇ.

ನ್ಯೂಯಾರ್ಕಿನ ಪಾರ್ಕ್ ಶೆರಟನ್ ಹೋಟೆಲಿನ ಕ್ಷೌರದಂಗಡಿಯಲ್ಲಿ 1957ರ ಅಕ್ಟೋಬರ್ 25ರ ಬೆಳಿಗ್ಗೆ ಭೂಗತ ದೊರೆ ಆಲ್ಬರ್ಟ್ ಅನಸ್ತಾಸಿಯಾ ಕುರ್ಚಿಯಲ್ಲಿ ಕೂತಿದ್ದಾಗಲೇ ಗುಂಡೇಟಿಗೆ ಬಲಿಯಾದ. ಆ ಕುರ್ಚಿ ಈಗ ಲಾಸ್ ವೇಗಸ್ ನಗರದಲ್ಲಿ 2012ರಲ್ಲಿ ತೆರೆದ ಭೂಗತ ಜಗತ್ತಿನ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಹೊಸ ಬಣ್ಣ ಬಳಿಯಿರಿ ಎಂದು ಯಾರಾದರೂ ಹೇಳಿಯಾರೇ? ಕೊಲೆಗಾರನ ನೆನಪಿಗೆ ಇರುವ ಈ ಮರ್ಯಾದೆ, ನಲವತ್ತು ವರ್ಷ ಅದೇ ಹಿಡಿಯನ್ನು ಎಳೆದು ನಿಕಲ್ ಸವೆಸಿ ಹಿತ್ತಾಳೆ ಕಾಣಿಸಿದ ಹೆಸರಿಲ್ಲದ ಕ್ಷೌರಿಕನ ಕೈಗೂ ಸಲ್ಲಬೇಕಲ್ಲವೇ? ಹರ್ನ್‌ಡನ್‌ನ ಕಾಲದ ಅದೆಷ್ಟೋ ಕ್ಷೌರಿಕರ ಕೈಬರಹ ಉಳಿದಿಲ್ಲ, ಭಾವಚಿತ್ರವೂ ಉಳಿದಿಲ್ಲ. ಉಳಿದದ್ದು ಇಂಥ ಸವೆತ. ಪಂಪು ಹೊಸದಾಗಲಿ, ಎಣ್ಣೆ ಹೊಸದಾಗಲಿ, ಹರಿದ ಚರ್ಮವನ್ನು ಅದೇ ಬಗೆಯ ಚರ್ಮದಿಂದ ಹೊದಿಸಲಿ. ಆ ಹಿಡಿಯನ್ನು ಮಾತ್ರ ಒರೆಸಿ ಬಿಟ್ಟುಬಿಡಬೇಕು. ಹಳೆಯ ಅಂಗಡಿಯ ಹೆಸರಿನ ತಗಡು ಇದ್ದರೆ ಅದನ್ನೂ, ಯಾವ ಊರಿನಿಂದ ಯಾವಾಗ ತಂದದ್ದು ಎಂಬ ಚೀಟಿಯೊಂದನ್ನೂ ಆಸನದ ಕೆಳಗೆ ಅಂಟಿಸಿಟ್ಟರೆ ಮುಂದಿನವರಿಗೆ ಉಪಕಾರ.

ಈಚಿನ ಎರಡು ದಶಕಗಳಲ್ಲಿ ಅಮೆರಿಕ, ಯುರೋಪಿನ ನಗರಗಳಲ್ಲಿ ಗಡ್ಡ ಬಿಡುವ, ಅದನ್ನು ಓರಣ ಮಾಡಿಸುವ ಫ್ಯಾಷನ್ ಮರಳಿದ ಮೇಲೆ ಹಳೆಯ ಕುರ್ಚಿಗಳಿಗೆ ಮತ್ತೆ ಕೆಲಸ ಸಿಕ್ಕಿದೆ. ಯುವ ಕ್ಷೌರಿಕರು ಅವನ್ನು ಹುಡುಕಿ ತಂದು, ಬಿಸಿ ಟವೆಲು ಹೊದಿಸಿ, ಗಿರಾಕಿಯನ್ನು ಮತ್ತೆ ಮಲಗಿಸುತ್ತಿದ್ದಾರೆ. ಪಡಸಾಲೆಯ ಅಲಂಕಾರವಾಗಿ ನಿಲ್ಲುವುದಕ್ಕಿಂತ ಇದು ಕುರ್ಚಿಗೆ ಮೇಲು, ಏಕೆಂದರೆ ದಿನವೂ ಏರಿ ಇಳಿಯುವ ಪಂಪಿನ ಚರ್ಮ ಎಣ್ಣೆಯಲ್ಲಿ ನೆನೆದಿರುತ್ತದೆ, ಒಣಗುವುದಿಲ್ಲ. ಕೆಲಸಕ್ಕೆ ಮರಳದೆ ಉಳಿದ ಭಾಗ ಒಂದೇ: ಕುರ್ಚಿಯ ಪಕ್ಕದ ಸಣ್ಣ ಕೊಕ್ಕೆ. ಕತ್ತಿ ಮಸೆಯುವ ಚರ್ಮದ ಪಟ್ಟಿಯನ್ನು ತೂಗುಹಾಕುತ್ತಿದ್ದದ್ದು ಅದಕ್ಕೇ. ರೋಗ ಹರಡುವ ಭಯದಿಂದ ಈಗ ಬಹಳಷ್ಟು ಅಂಗಡಿಗಳಲ್ಲಿ, ನಮ್ಮ ಸಲೂನುಗಳಲ್ಲಿ ಅರ್ಧ ಬ್ಲೇಡು ಮುರಿದು ಸಿಕ್ಕಿಸುವಂತೆ, ಒಬ್ಬನಿಗೆ ಬಳಸಿ ಎಸೆಯುವ ಬ್ಲೇಡೇ ನಡೆಯುತ್ತದೆ. ಕೊಕ್ಕೆಗೆ ಕೆಲವರು ಹಳೆಯ ಪಟ್ಟಿಯೊಂದನ್ನು ಚಂದಕ್ಕೆಂದು ತೂಗುಹಾಕಿರುತ್ತಾರೆ, ಉಳಿದವರು ಟವೆಲು ಹಾಕುತ್ತಾರೆ.